ಸಿಲಿಂಡರ್ ಎತ್ತಿ ನೋಡಬೇಡಿ, ತೂಗಿಸಿ ನೋಡಿ
ಗ್ಯಾಸ್ ಬಂದಾಗ ನಾವೆಲ್ಲ ನೋಡೋದು ಸೀಲ್. ಮೇಲಿನ ಹಿಡಿಕೆಗೆ ಆಧಾರವಾಗಿರುವ ಪಟ್ಟಿಯಲ್ಲಿ ಖಾಲಿ ಸಿಲಿಂಡರ್‌ನ ತೂಕವೂ ಬರೆದಿರುತ್ತೆ, ಅದನ್ನು ಗಮನಿಸುವವರು ಕಡಿಮೆ. ಈ ತೂಕ ಎಲ್ಲ ಸಿಲಿಂಡರ್‌ಗೂ ಒಂದೇ ಅಲ್ಲ. ಒಂದರ ಮೇಲೆ 15.3 ಕೆ.ಜಿ. ಇದ್ದರೆ ಇನ್ನೊಂದು 16 ದಾಟಿರಬಹುದು. ಅದಕ್ಕೆ 14.2 ಕೆ.ಜಿ. ಗ್ಯಾಸ್ ಸೇರಿಸಿ: 15.3ರ ಸಿಲಿಂಡರ್ ತುಂಬಿದಾಗ 29.5 ತೂಗಬೇಕು. ಹಾಗಾಗಿ ‘ಹೋದ ಸಲದ್ದಕ್ಕಿಂತ ಹಗುರ ಇದೆ’ ಅಂತ ಕೈಯಲ್ಲಿ ಎತ್ತಿ ಜಗಳಕ್ಕಿಳಿದರೆ ಸೋಲೋದು ನಾವೇ.

ಉರಿ ನೋಡಿಯೂ ಗೊತ್ತಾಗಲ್ಲ. ಒಳಗಿರುವುದು ದ್ರವ, ಅದು ಮುಗಿಯುತ್ತಾ ಬರುವವರೆಗೂ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಯಾರೋ ಒಂದು ಕಿಲೋ ಕದ್ದಿದ್ದರೂ ಒಲೆ ಚಾಡಿ ಹೇಳಲ್ಲ!

ಡೆಲಿವರಿಗೆ ಬರುವವರು ತಕ್ಕಡಿ ತಂದು, ಕೇಳಿದರೆ ತೂಗಿ ತೋರಿಸಬೇಕು. ಸಿಲಿಂಡರ್ ತಗುಲಿಸುವ ಮುಂಚೆ ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ, ಅದನ್ನೂ ನೋಡಿಕೊಳ್ಳಿ.