ಪಂಚರತ್ನಂ ಕಂಡ ಬೆಳಕಿನ ತ್ರಿಕೋನ

ಬೆಳಕಿನ ವಿಜ್ಞಾನ ಎಂದರೆ ನಮಗೆ ಸಿ.ವಿ. ರಾಮನ್. ಅವರ ಸೋದರಳಿಯ ಎಸ್. ಪಂಚರತ್ನಂ ಅವರ ಹೆಸರನ್ನು ಬೆಂಗಳೂರಿನಲ್ಲೇ ಎಷ್ಟು ಜನ ಕೇಳಿದ್ದಾರೋ! ಜಗತ್ತಿನ ಫೋಟಾನಿಕ್ಸ್ (ಬೆಳಕಿನ ತಂತ್ರಜ್ಞಾನ) ಪ್ರಯೋಗಾಲಯಗಳಲ್ಲಿ ಮಾತ್ರ ಅದು ದಿನಬಳಕೆಯ ಹೆಸರು.

1934ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಅವರು ಇಪ್ಪತ್ತರ ಆಸುಪಾಸಿನಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿ ಕೈಗೆತ್ತಿಕೊಂಡದ್ದು ಅಯೋಲೈಟ್‌ನಂಥ ಹರಳುಗಳನ್ನು. ಅಯೋಲೈಟನ್ನು ಬೇರೆ ದಿಕ್ಕಿನಿಂದ ನೋಡಿದರೆ ಬೇರೆಯದೇ ಬಣ್ಣ. ಲೇಸರ್ ಇನ್ನೂ ಹುಟ್ಟಿರದ ಕಾಲ ಅದು.

ಇಂಥ ಹರಳುಗಳಲ್ಲಿ ಹಾಯುವ ಬೆಳಕನ್ನು ಅರಿಯಲು ಹಗ್ಗವೊಂದನ್ನು ನೆನೆಯೋಣ. ಹಗ್ಗದ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಬಹುದು, ಅಡ್ಡಡ್ಡ ಅಲ್ಲಾಡಿಸಬಹುದು, ಗರಗರ ತಿರುಗಿಸಲೂಬಹುದು. ಬೆಳಕಿನ ಅಲೆಯೂ ಹೀಗೆ ಬಗೆಬಗೆಯಾಗಿ ಕಂಪಿಸುತ್ತದೆ, ಇದೇ ಧ್ರುವೀಕರಣ. ಫ್ರೆಂಚ್ ಗಣಿತಜ್ಞ ಪ್ವಾಂಕಾರೆ ಈ ಬಗೆಗಳನ್ನೆಲ್ಲ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಿದ್ದರು. ಕಂಪನದ ಬಗೆಯೇ ಬೇರೆಯಾದಾಗ ಎರಡು ಕಿರಣಗಳು ಒಂದೇ ಹಂತದಲ್ಲಿವೆ (ಫೇಸ್), ಅಂದರೆ ಅವುಗಳ ಏರಿಳಿತ ಹೊಂದಿಕೊಂಡಿದೆ ಎನ್ನುವುದು ಹೇಗೆ? ಕೂಡಿದಾಗ ಬೆಳಕು ಅತಿ ಹೆಚ್ಚಾದರೆ ಹಂತ ಒಂದೇ ಎಂದರು ಪಂಚರತ್ನಂ. ಆಮೇಲೆ ಬಂತು ಅಚ್ಚರಿ: ಮೂರು ಕಿರಣಗಳಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ಹಂತ ಕೂಡಿ, ಎರಡನೆಯದಕ್ಕೂ ಮೂರನೆಯದಕ್ಕೂ ಕೂಡಿದರೂ, ಮೂರನೆಯದು ಮೊದಲನೆಯದರೊಂದಿಗೆ ಕೂಡಬೇಕೆಂದಿಲ್ಲ! ಪ್ವಾಂಕಾರೆ ಗೋಳದ ಮೇಲೆ ಆ ಮೂರು ಕಿರಣಗಳನ್ನು ಸೂಚಿಸುವ ಬಿಂದುಗಳ ತ್ರಿಕೋನ ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟು ವ್ಯತ್ಯಾಸ ಉಳಿಯುತ್ತದೆ. 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದು ಅಚ್ಚಾದಾಗ ಅವರಿಗೆ 22 ವರ್ಷ.

ಮುಂದೆ 1961ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ, 1964ರಲ್ಲಿ ಆಕ್ಸ್‌ಫರ್ಡ್. ಅಲ್ಲಿ ಜಾರ್ಜ್ ಸೀರೀಸ್ ಜೊತೆ ಪರಮಾಣು ಮತ್ತು ಬೆಳಕಿನ ನಂಟಿನ ಅಧ್ಯಯನ. 1969ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು.

ಬ್ರಿಟನ್ನಿನ ಮೈಕಲ್ ಬೆರಿ 1984ರಲ್ಲಿ ಕ್ವಾಂಟಂ ಜಗತ್ತಿನಲ್ಲಿ ಇಂಥದೇ ಜ್ಯಾಮಿತೀಯ ಹಂತವನ್ನು ತೋರಿಸಿ ಹೆಸರಾದರು. ಪಂಚರತ್ನಂ ಇದನ್ನು ಮೊದಲೇ ಕಂಡಿದ್ದರೆಂದು 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಮರುವರ್ಷ ಬೆರಿ ತಾವೇ ಅದನ್ನು ಮನಸಾರೆ ಒಪ್ಪಿ ಲೇಖನ ಪ್ರಕಟಿಸಿದರು. 1956ರ ಲೇಖನ ಅಚ್ಚಾದದ್ದು ಭಾರತದ ಪತ್ರಿಕೆಯಲ್ಲಾದ್ದರಿಂದ ಯಾರೂ ಓದಲಿಲ್ಲ ಎಂದು ದೂರುವುದು ಸುಲಭ. ಹರಳುಗಳ ಬೆನ್ನುಹತ್ತಿದ ಬರಹದಲ್ಲಿ ಕ್ವಾಂಟಂ ಪಂಡಿತರು ಏನನ್ನೂ ಹುಡುಕಲಿಲ್ಲ ಎಂಬುದೂ ಅಷ್ಟೇ ನಿಜವಿರಬೇಕು.

ಕಾಗದದಷ್ಟೂ ದಪ್ಪವಿಲ್ಲದ ಚಪ್ಪಟೆ ಮಸೂರಗಳಲ್ಲಿ ಈಗ ಬೆಳಕನ್ನು ಬಾಗಿಸಲು ಬಳಸುವ ಒಂದು ಮುಖ್ಯ ಉಪಾಯ ಇದೇ ‘ಪಂಚರತ್ನಂ–ಬೆರಿ ಫೇಸ್’. 1956ರ ಆ ಲೇಖನ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಬಿಎಸ್ಸಿ ಮಟ್ಟದ ಬೆಳಕಿನ ಪಾಠ ಓದಿದ ವಿದ್ಯಾರ್ಥಿಗಳು ಧೈರ್ಯವಾಗಿ ಕೈಹಾಕಿ ನೋಡಿ.