ರ‍್ಯಾಮ್ ಜೋಡಿಗೆ ಕುಲಗೋತ್ರ ಬೇಕೆ?

‘ಲ್ಯಾಪ್‌ಟಾಪ್‌ನಲ್ಲಿ ಈಗಿರುವುದು ಸ್ಯಾಮ್‌ಸಂಗ್‌ನ 8 ಜಿಬಿ ರ‍್ಯಾಮ್. ಇನ್ನೊಂದು 8 ಜಿಬಿ ಸೇರಿಸಬೇಕು. ಅಂಗಡಿಯಲ್ಲಿ ಕಿಂಗ್‌ಸ್ಟನ್ ಮಾತ್ರ ಇದೆ. ಬೇರೆ ಕಂಪನಿಯದು ಹಾಕಿಸಿದರೆ ಬೋರ್ಡೇ ಸುಟ್ಟುಹೋಗುತ್ತದಂತೆ, ನಿಜವೇ?’ ಇದು ಮೈಸೂರಿನ ಓದುಗರೊಬ್ಬರ ಪ್ರಶ್ನೆ.

ಈ ಭಯ ಅವರೊಬ್ಬರದೇ ಅಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ‘ಸ್ಯಾಮ್‌ಸಂಗ್ ಜೊತೆ ಸ್ಯಾಮ್‌ಸಂಗೇ ಹಾಕ್ಬೇಕು ಸಾರ್, ಮಿಕ್ಸ್ ಮಾಡಿದ್ರೆ ಹ್ಯಾಂಗ್ ಆಗುತ್ತೆ’ ಎನ್ನುವವರು ಒಂದು ಅಂಗಡಿಯಲ್ಲಿ ಸಿಗುತ್ತಾರೆ. ‘ಯಾವ್ದಾದ್ರೂ ಹಾಕಿ ಸಾರ್, ಎಲ್ಲಾ ಒಂದೇ’ ಎನ್ನುವವರು ಪಕ್ಕದ ಅಂಗಡಿಯಲ್ಲೇ ಇರುತ್ತಾರೆ. ಮೊದಲನೆಯವರದು ಹೆಚ್ಚುಕಡಿಮೆ ಮೂಢನಂಬಿಕೆ, ಎರಡನೆಯವರದು ಅರ್ಧ ಸತ್ಯ.

ರ‍್ಯಾಮ್ ಸ್ಟಿಕ್ಕಿನ ಮೇಲೆ ಅಂಟಿಸಿದ ಹೆಸರು ಯಾರದೋ, ಅದರ ಮೇಲಿನ ಕಪ್ಪು ಚಿಪ್‌ಗಳನ್ನು ತಯಾರಿಸಿದವರು ಇನ್ಯಾರೋ. ಜಗತ್ತಿನ ಬಹುಪಾಲು ಮೆಮೊರಿ ಚಿಪ್‌ಗಳು ಬರುವುದು ಮೂರೇ ಕಂಪನಿಗಳಿಂದ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕಿಂಗ್‌ಸ್ಟನ್ ಆಗಲಿ, ಅಲ್ಲಿಯದೇ ಕೋರ್ಸೇರ್ ಆಗಲಿ, ತೈವಾನಿನ ಎಡೇಟಾ, ಟ್ರಾನ್ಸೆಂಡ್, ಜಿ.ಸ್ಕಿಲ್‌ಗಳಾಗಲಿ ಈ ಚಿಪ್‌ಗಳನ್ನು ತಾವೇ ತಯಾರಿಸುವುದಿಲ್ಲ. ಕೊಂಡುತಂದು, ಫಲಕದ ಮೇಲೆ ಬೆಸುಗೆ ಹಾಕಿ, ಪರೀಕ್ಷಿಸಿ, ತಮ್ಮ ಲೇಬಲ್ ಅಂಟಿಸಿ ಮಾರುತ್ತವೆ. ಒಂದೇ ಬ್ರ್ಯಾಂಡಿನ, ಒಂದೇ ಮಾಡೆಲ್‌ನ ಎರಡು ಸ್ಟಿಕ್ ಕೊಂಡರೂ ಒಂದರಲ್ಲಿ ಹೈನಿಕ್ಸ್, ಇನ್ನೊಂದರಲ್ಲಿ ಮೈಕ್ರಾನ್ ಚಿಪ್ ಇರಬಹುದು. ಓದುಗರು ಹೆದರಿದ ಆ ಕಿಂಗ್‌ಸ್ಟನ್ ಸ್ಟಿಕ್ಕಿನ ಮೇಲೆ ಸ್ಯಾಮ್‌ಸಂಗ್ ಚಿಪ್ಪೇ ಕೂತಿದ್ದರೂ ಅಚ್ಚರಿಯಿಲ್ಲ!

ಹಾಗಾದರೆ ಒಳ್ಳೆಯ ರ‍್ಯಾಮ್, ಕಳಪೆ ರ‍್ಯಾಮ್ ಎಂಬ ಭೇದವೇ ಇಲ್ಲವೇ? ಖಂಡಿತ ಇದೆ. ಅದು ತಿಳಿಯಬೇಕಾದರೆ ಚಿಪ್ಪಿನೊಳಗೆ ಇಣುಕಬೇಕು.

ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಅವರಿಗೆ 1966ರಲ್ಲಿ ಒಂದು ಸರಳ ಉಪಾಯ ಹೊಳೆಯಿತು. ಒಂದು ಬಿಟ್ ಮಾಹಿತಿಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್, ಅಷ್ಟೇ. ಈ ಜೋಡಿಯೇ ಒಂದು ಕೋಶ. ಕೆಪಾಸಿಟರ್‌ನಲ್ಲಿ ವಿದ್ಯುದಾವೇಶ ಇದ್ದರೆ 1, ಇಲ್ಲದಿದ್ದರೆ 0. 1968ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ ಮೆಮೊರಿ ಚಿಪ್ಪಿನಲ್ಲಿ ಹಿಡಿಸುತ್ತಿದ್ದದ್ದು 1,024 ಬಿಟ್. ಇಂದಿನ ಒಂದು 8 ಜಿಬಿ ಸ್ಟಿಕ್ಕಿನಲ್ಲಿ ಇಂಥ ಕೆಪಾಸಿಟರ್‌ಗಳು 6,800 ಕೋಟಿಗೂ ಹೆಚ್ಚು.

ಮಜಾ ಇರುವುದು ಮುಂದೆ. ಈ ಅಷ್ಟೂ ಕೆಪಾಸಿಟರ್‌ಗಳು ಸೋರುತ್ತವೆ. ತುಂಬಿದ ಆವೇಶ ತಂತಾನೇ ಖಾಲಿಯಾಗುತ್ತಾ ಹೋಗುತ್ತದೆ. ಆದ್ದರಿಂದ ಡಿಡಿಆರ್4 ಪೀಳಿಗೆಯ ರ‍್ಯಾಮ್‌ನಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು, ಕೋಶಗಳ ಎಲ್ಲ ಸಾಲುಗಳನ್ನೂ ಓದಿ ಮತ್ತೆ ತುಂಬಲಾಗುತ್ತದೆ. ನೀವು ಕೀಲಿಮಣೆ ಮುಟ್ಟದೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಮುಚ್ಚಳ ಮುಚ್ಚಿ ‘ಸ್ಲೀಪ್’ಗೆ ಹಾಕಿದರೂ ನಿಲ್ಲುವುದಿಲ್ಲ. ರಾತ್ರಿ ಮಲಗಿಸಿಟ್ಟ ಲ್ಯಾಪ್‌ಟಾಪ್‌ನ ಬ್ಯಾಟರಿ ಬೆಳಗ್ಗೆ ಒಂದಿಷ್ಟು ಇಳಿದಿರುವುದಕ್ಕೆ ಇದೂ ಒಂದು ಕಾರಣ.

64 ಮಿಲಿಸೆಕೆಂಡ್ ಎಂಬುದು ಅತ್ಯಂತ ದುರ್ಬಲ ಕೋಶವನ್ನು ಲೆಕ್ಕಕ್ಕಿಟ್ಟುಕೊಂಡು ಗೊತ್ತುಮಾಡಿದ ಗಡುವು. ಬಹುಪಾಲು ಕೋಶಗಳು ಸೆಕೆಂಡುಗಟ್ಟಲೆ ಆವೇಶ ಹಿಡಿದಿಟ್ಟುಕೊಳ್ಳಬಲ್ಲವು. ತಣ್ಣಗಾದಷ್ಟೂ ಸೋರಿಕೆ ಕಡಿಮೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ತೋರಿಸಿಕೊಟ್ಟ ರೀತಿ ಸಿನಿಮಾದಂತಿತ್ತು. ಕಂಪ್ಯೂಟರ್‌ನ ದೂಳು ಹಾರಿಸುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗು ಮಾಡಿ ಓಡುತ್ತಿದ್ದ ಲ್ಯಾಪ್‌ಟಾಪ್‌ನ ರ‍್ಯಾಮ್ ಮೇಲೆ ಸಿಂಪಡಿಸಿದರು. ಸುಮಾರು ಮೈನಸ್ 50 ಡಿಗ್ರಿಗೆ ತಣಿದ ಆ ರ‍್ಯಾಮ್‌ಗೆ ವಿದ್ಯುತ್ ತಪ್ಪಿಸಿ ಹತ್ತು ನಿಮಿಷ ಕಳೆದರೂ ಅಳಿಸಿಹೋದ ಬಿಟ್‌ಗಳು ಶೇ 1ಕ್ಕಿಂತ ಕಡಿಮೆ. ಸ್ಟಿಕ್ಕನ್ನು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿ, ಡಿಸ್ಕಿನ ಗೂಢಲಿಪಿ ಬಿಡಿಸುವ ಕೀಲಿಯನ್ನೇ ಓದಿ ತೆಗೆದರು. ‘ಸ್ವಿಚ್ ಆಫ್ ಮಾಡಿದ ತಕ್ಷಣ ರ‍್ಯಾಮ್ ಎಲ್ಲ ಮರೆತುಬಿಡುತ್ತದೆ’ ಎಂಬ ಪಠ್ಯಪುಸ್ತಕದ ಮಾತು ಪೂರ್ತಿ ನಿಜವಲ್ಲ.

ಬಿಸಿಯಾದರೆ ಸೋರಿಕೆ ಹೆಚ್ಚುತ್ತದೆ. ಚಿಪ್ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮರುಪೂರಣವನ್ನು ಇಮ್ಮಡಿ ವೇಗದಲ್ಲಿ ಮಾಡಬೇಕಾಗುತ್ತದೆ. ಕಾರ್ಖಾನೆಯಲ್ಲಿ ಚಿಪ್‌ಗಳನ್ನು ಕಾಯಿಸಿ ಪರೀಕ್ಷಿಸುವುದು ಇದಕ್ಕಾಗಿಯೇ. ಕೋಟ್ಯಂತರ ಕೋಶಗಳಲ್ಲಿ ಕೆಲವಾದರೂ ಕೆಟ್ಟಿರುವುದು ಸಹಜ. ಅಂಥ ಸಾಲುಗಳನ್ನು ಪತ್ತೆಹಚ್ಚಿ, ಚಿಪ್ಪಿನೊಳಗೆ ಮೊದಲೇ ಇಟ್ಟಿರುವ ಹೆಚ್ಚುವರಿ ಸಾಲುಗಳನ್ನು ಅವುಗಳ ಜಾಗಕ್ಕೆ ಜೋಡಿಸುತ್ತಾರೆ. ಈ ಶೋಧನೆಗೆ ಸಮಯ ಬೇಕು, ದುಬಾರಿ ಯಂತ್ರಗಳು ಬೇಕು. ಪೂರ್ತಿ ಪರೀಕ್ಷೆ ಕಾಣದ ಚಿಪ್‌ಗಳೂ ಅಗ್ಗದ ದರದಲ್ಲಿ ಮಾರಾಟವಾಗುತ್ತವೆ, ಹೆಸರಿಲ್ಲದ ಸ್ಟಿಕ್‌ಗಳ ಮೇಲೆ ಬಂದು ಕೂರುತ್ತವೆ. ಬ್ರ್ಯಾಂಡಿಗೆಂದು ಕೊಡುವ ಹೆಚ್ಚಿನ ದುಡ್ಡು ಸಲ್ಲುವುದು ಈ ಪರೀಕ್ಷೆಗೆ ಮತ್ತು ವಾರಂಟಿಗೆ. ‘ಎಲ್ಲಾ ಒಂದೇ’ ಎಂಬ ಮಾತು ತಪ್ಪುವುದು ಇಲ್ಲಿ.

ಇನ್ನು ಬೆರೆಸುವ ವಿಷಯ. ಪ್ರತಿ ರ‍್ಯಾಮ್ ಸ್ಟಿಕ್ಕೂ ತನ್ನ ಜಾತಕವನ್ನು ತಾನೇ ಹೊತ್ತು ತಂದಿರುತ್ತದೆ. ದೊಡ್ಡ ಚಿಪ್‌ಗಳ ನಡುವೆ ಅಕ್ಕಿಕಾಳಿನಷ್ಟು ಪುಟ್ಟ ಇನ್ನೊಂದು ಚಿಪ್ ಕಾಣುತ್ತದೆ. ಅದರ ಹೆಸರು ಎಸ್‌ಪಿಡಿ. ಡಿಡಿಆರ್4ನಲ್ಲಿ ಅದರ ಸಾಮರ್ಥ್ಯ ಬರೀ 512 ಬೈಟ್. ಸ್ಟಿಕ್ಕಿನ ಗಾತ್ರ, ವೇಗ, ಯಾವ ಆದೇಶಕ್ಕೆ ಎಷ್ಟು ಹೊತ್ತು ಕಾಯಬೇಕು, ತಯಾರಾದ ವಾರ ಯಾವುದು, ಎಲ್ಲವನ್ನೂ ಜೆಡೆಕ್ ಎಂಬ ಉದ್ಯಮ ಮಂಡಳಿ ಗೊತ್ತುಪಡಿಸಿದ ಕ್ರಮದಲ್ಲೇ ಅದರಲ್ಲಿ ಬರೆದಿರುತ್ತಾರೆ. ಪವರ್ ಬಟನ್ ಒತ್ತಿದೊಡನೆ ಲ್ಯಾಪ್‌ಟಾಪ್ ಎರಡೂ ಸ್ಟಿಕ್‌ಗಳ ಎಸ್‌ಪಿಡಿ ಓದಿ, ಇಬ್ಬರಿಗೂ ಒಗ್ಗುವ ವೇಗಕ್ಕೆ ಹೊಂದಿಸುತ್ತದೆ. ಒಂದು 3200, ಇನ್ನೊಂದು 2666 ಆಗಿದ್ದರೆ ಎರಡೂ 2666ರಲ್ಲಿ ಓಡುತ್ತವೆ. ಡಿಡಿಆರ್4 ಸ್ಟಿಕ್ ಯಾರದೇ ಆದರೂ ಕೆಲಸ ಮಾಡುವುದು 1.2 ವೋಲ್ಟ್‌ನಲ್ಲಿ. ಬ್ರ್ಯಾಂಡ್ ಬೆರೆಸಿದ್ದಕ್ಕೆ ಬೋರ್ಡ್ ಸುಡುವ ಪ್ರಶ್ನೆಯೇ ಇಲ್ಲ. ಡಿಡಿಆರ್4 ಸ್ಲಾಟಿಗೆ 1.1 ವೋಲ್ಟ್‌ನ ಡಿಡಿಆರ್5 ಹಾಕಲು ಹೋದರೂ ಕಚ್ಚು ಬೇರೆ ಕಡೆ ಇರುವುದರಿಂದ ಅದು ಕೂರುವುದೇ ಇಲ್ಲ. ಬಲವಂತ ಮಾಡಬಾರದು, ಅಷ್ಟೇ.

ಬ್ರ್ಯಾಂಡಿಗಿಂತ ಗಮನ ಕೊಟ್ಟು ಓದಬೇಕಾದ್ದು ಲೇಬಲ್ಲಿನ ಸಣ್ಣ ಅಕ್ಷರಗಳನ್ನು. ಒಂದೇ ಬೆಲೆಯ ಎರಡು 8 ಜಿಬಿ ಡಿಡಿಆರ್4 ಸ್ಟಿಕ್ ಕೈಗೆತ್ತಿಕೊಂಡು ನೋಡಿದರೆ ಒಂದರ ಮೇಲೆ ‘1ಆರ್‌ಎಕ್ಸ್8’, ಇನ್ನೊಂದರ ಮೇಲೆ ‘1ಆರ್‌ಎಕ್ಸ್16’ ಎಂದಿರಬಹುದು. ಮೊದಲನೆಯದರಲ್ಲಿ ಎಂಟು ಚಿಪ್, ಎರಡನೆಯದರಲ್ಲಿ ನಾಲ್ಕೇ. ಲೇಬಲ್ ಅರ್ಥವಾಗದಿದ್ದರೆ ಚಿಪ್ ಎಣಿಸಿದರೂ ಆಯಿತು. ನಾಲ್ಕು ಚಿಪ್ಪಿನದರಲ್ಲಿ ಏಕಕಾಲಕ್ಕೆ ಕೆಲಸ ಹಂಚಿಕೊಳ್ಳುವ ಒಳವಿಭಾಗಗಳು ಅರ್ಧದಷ್ಟೇ ಇರುವುದರಿಂದ ಅದು ತುಸು ನಿಧಾನ. ಪತ್ರ ಬರೆಯುವವರಿಗೆ ವ್ಯತ್ಯಾಸ ಗೊತ್ತಾಗದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವವರಿಗೆ ಗೊತ್ತಾದೀತು. ಅವರಿಗೆ ಇದಕ್ಕಿಂತ ದೊಡ್ಡ ಲಾಭವಿರುವುದು ಎರಡನೇ ಸ್ಲಾಟ್ ತುಂಬಿಸುವುದರಲ್ಲಿ. 3200 ವೇಗದ ಒಂದೇ ಸ್ಟಿಕ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಿದರೆ, ಎರಡು ಸೇರಿ 51.2 ಜಿಬಿ ಸಾಗಿಸಬಲ್ಲವು.

ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗೂ ಮರುಳಾಗಬೇಕಿಲ್ಲ. ಸಾಮಾನ್ಯ ದರ್ಜೆಯ ಡಿಡಿಆರ್3-1600 ರ‍್ಯಾಮ್ ಒಂದು ಕೋರಿಕೆಗೆ ಉತ್ತರ ಶುರುಮಾಡಲು ತೆಗೆದುಕೊಳ್ಳುವುದು 11 ಗಡಿಯಾರ ಮಿಡಿತ. ಡಿಡಿಆರ್4-3200 ತೆಗೆದುಕೊಳ್ಳುವುದು 22 ಮಿಡಿತ. ಮಿಡಿತದ ಅವಧಿ ಅರ್ಧವಾಗಿದೆ, ಸಂಖ್ಯೆ ಎರಡರಷ್ಟಾಗಿದೆ. ಗುಣಿಸಿದರೆ ಎರಡರಲ್ಲೂ ಬರುವುದು ಅದೇ 13.75 ನ್ಯಾನೊಸೆಕೆಂಡ್! ಡಿಡಿಆರ್5-5600ರಲ್ಲಂತೂ ಅದು 16 ದಾಟುತ್ತದೆ. ಪೀಳಿಗೆ ಬದಲಾದಂತೆ ಏರಿರುವುದು ಒಮ್ಮೆಗೆ ಸಾಗಿಸುವ ಪ್ರಮಾಣ. ಪುಟ್ಟ ಕೆಪಾಸಿಟರ್‌ನ ಕ್ಷೀಣ ಆವೇಶವನ್ನು ಗುರುತಿಸಲು ಹಿಡಿಯುವ ಕಾಲ ಇಳಿದಿಲ್ಲ.

‘ನಮ್ಮ ಬ್ರ್ಯಾಂಡಿಗೆ ಏನೂ ಆಗಲ್ಲ’ ಎನ್ನುವ ಅಭಿಮಾನಿಗಳು 2014ರ ಒಂದು ಅಧ್ಯಯನವನ್ನು ನೋಡಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಇಂಟೆಲ್‌ನ ಸಂಶೋಧಕರು ಒಂದೇ ಸಾಲನ್ನು ಲಕ್ಷಗಟ್ಟಲೆ ಸಲ ತೆರೆದು ಮುಚ್ಚಿದಾಗ ಪಕ್ಕದ ಸಾಲಿನ ಆವೇಶ ಸೋರಿ ಬಿಟ್‌ಗಳು ತಿರುಗುಮುರುಗಾದವು. ಅವರು ಪರೀಕ್ಷಿಸಿದ್ದು ಮೂರು ಪ್ರಮುಖ ತಯಾರಕರ 129 ಡಿಡಿಆರ್3 ಸ್ಟಿಕ್‌ಗಳನ್ನು. 110ರಲ್ಲಿ ಈ ದೋಷ ಕಂಡಿತು. ಮೂವರಲ್ಲಿ ಒಬ್ಬರೂ ಪೂರ್ತಿ ಪಾರಾಗಲಿಲ್ಲ.

ಬ್ರ್ಯಾಂಡ್‌ಗಳೂ ಶಾಶ್ವತವಲ್ಲ. ಮೈಕ್ರಾನ್ ತನ್ನ ಚಿಪ್‌ಗಳನ್ನು 1996ರಿಂದ ‘ಕ್ರೂಶಿಯಲ್’ ಹೆಸರಿನಲ್ಲಿ ನೇರವಾಗಿ ಗ್ರಾಹಕರಿಗೆ ಮಾರುತ್ತಿತ್ತು. ಲ್ಯಾಪ್‌ಟಾಪ್ ರಿಪೇರಿ ಮಾಡುವವರಿಗೆ ಅದು ನೆಚ್ಚಿನ ಹೆಸರು. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಮಿತಿಮೀರಿದ್ದರಿಂದ ಆ ವಹಿವಾಟನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಕಂಪನಿ ಪ್ರಕಟಿಸಿತು. ಮಾರಿದ ಮಾಲಿಗೆ ವಾರಂಟಿ ಮುಂದುವರಿಯುತ್ತದೆ.

ಕೊಳ್ಳುವ ಮುನ್ನ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಮೆಮೊರಿ’ ಪುಟ ತೆರೆದರೆ ಈಗಿನ ವೇಗವೂ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದೂ ಕಾಣುತ್ತದೆ. ತೆಳ್ಳನೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದುಕೊಂಡಿರುತ್ತದೆ, ಅಲ್ಲಿ ಸೇರಿಸಲು ಜಾಗವೇ ಇರುವುದಿಲ್ಲ. ಹೊಸ ಸ್ಟಿಕ್ ಹಾಕಿಸಿದ ಮೊದಲ ರಾತ್ರಿ ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶ ಓಡಿಸಬೇಕು. ಒಂದೇ ಒಂದು ದೋಷ ತೋರಿದರೂ ಸ್ಟಿಕ್ಕನ್ನು ಇನ್ನೊಂದು ಸ್ಲಾಟಿಗೆ ಹಾಕಿ ಮತ್ತೆ ಪರೀಕ್ಷಿಸಬೇಕು. ದೋಷ ಸ್ಟಿಕ್ಕಿನ ಜೊತೆಗೇ ಬಂದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ ಬದಲಿ ಕೇಳಬೇಕು.