ನಿಮಗಿದು ಗೊತ್ತೇ? ಮೋಡಕಾ ರಾಶಿಯಲ್ಲಿ ಏನೇನಿದೆ!

ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲ ಕಡೆ ಗುಜರಿ ಸಾಮಾನಿಗೆ ಮೋಡಕಾ ಅಂತಾರೆ. ಈ ದಂಧೆಗೆ ಹೊಸದಾಗಿ ಇಳಿಯುವ ಹುಡುಗರು ಗಾಡಿ ಬೇಕು, ತಕ್ಕಡಿ ಬೇಕು ಅಂತ ಓಡಾಡುತ್ತಾರೆ. ನಿಜಕ್ಕೂ ಮೊದಲು ಬೇಕಾದದ್ದು ಒಂದು ಆಯಸ್ಕಾಂತ! ಕೊಳ್ಳಬೇಕೆಂದೂ ಇಲ್ಲ. ಕೆಟ್ಟುಹೋದ ಸ್ಪೀಕರ್ ಬಿಚ್ಚಿದರೆ ಅದರ ಹಿಂದೆಯೇ ಕೂತಿರುತ್ತದೆ, ಪುಕ್ಕಟೆ!

ಆಯಸ್ಕಾಂತ ಅಂಟಿತೋ, ಅದು ಕಬ್ಬಿಣದ ಪೈಕಿ. ಅಂಟಲಿಲ್ಲವೋ, ಖುಷಿಪಡಿ! ತಾಮ್ರ, ಹಿತ್ತಾಳೆ, ಕಂಚು, ಅಲ್ಯೂಮಿನಿಯಂ, ಸೀಸ ಯಾವುದಕ್ಕೂ ಅದು ಅಂಟುವುದಿಲ್ಲ. ಇವೆಲ್ಲ ಕಬ್ಬಿಣಕ್ಕಿಂತ ದುಬಾರಿ. ತಾಮ್ರದ ದರವಂತೂ ಕಬ್ಬಿಣದ ಇಪ್ಪತ್ತು ಪಟ್ಟು ದಾಟುವುದುಂಟು!

ಇನ್ನೊಂದು ಸೋಜಿಗ ನೋಡಿ. ಅಡುಗೆಮನೆಯ ಸ್ಟೀಲ್ ಪಾತ್ರೆಗಳಲ್ಲಿ ಕೆಲವಕ್ಕೆ ಆಯಸ್ಕಾಂತ ಅಂಟುತ್ತದೆ, ಕೆಲವಕ್ಕೆ ಇಲ್ಲ. ಎರಡೂ ಸ್ಟೀಲೇ! ಅಂಟದ ಸ್ಟೀಲಿನಲ್ಲಿ ಸಾಮಾನ್ಯವಾಗಿ ನಿಕಲ್ ಬೆರೆತಿರುತ್ತದೆ. ಹಾಗಾಗಿ ಅದಕ್ಕೆ ರೇಟು ಜಾಸ್ತಿ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಕೊಟ್ಟರೆ ನಷ್ಟ ನಿಮ್ಮದೇ.

ಎಣ್ಣೆ ಡಬ್ಬಿಯನ್ನು ಎಲ್ಲರೂ ಟಿನ್ ಅಂತಲೇ ಕರೆಯುತ್ತೇವೆ. ಅದರಲ್ಲಿ ಟಿನ್, ಅಂದರೆ ತವರ, ಇರುವುದು ತೆಳ್ಳನೆಯ ಲೇಪದಷ್ಟು ಮಾತ್ರ! ಒಳಗಿರುವುದೆಲ್ಲ ಕಬ್ಬಿಣದ ತಗಡು. ಆಯಸ್ಕಾಂತ ಇಟ್ಟು ನೋಡಿ, ಗಪ್ಪನೆ ಹಿಡಿದುಕೊಳ್ಳುತ್ತದೆ.

ಜೇಬಿನಲ್ಲಿರುವ ಒಂದು ರೂಪಾಯಿ ನಾಣ್ಯಕ್ಕೂ ಅಂಟುತ್ತದೆ! ಅದು ಸ್ಟೇನ್‌ಲೆಸ್ ಸ್ಟೀಲ್. ನಮ್ಮ ರೂಪಾಯಿ ನಾಣ್ಯಗಳನ್ನು ಕದ್ದುಮುಚ್ಚಿ ಬಾಂಗ್ಲಾದೇಶಕ್ಕೆ ಸಾಗಿಸಿ, ಕರಗಿಸಿ, ಗಡ್ಡ ಕೆರೆಯುವ ಬ್ಲೇಡ್ ಮಾಡುತ್ತಿದ್ದ ಸುದ್ದಿ 2007ರಲ್ಲಿ ದೊಡ್ಡದಾಗಿತ್ತು. ನಾಣ್ಯದ ಬೆಲೆಗಿಂತ ಬ್ಲೇಡಿನ ಬೆಲೆಯೇ ಹೆಚ್ಚು! ಆದರೆ ಹುಷಾರು. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯ ಕರಗಿಸುವುದು ಅಪರಾಧ. ಏಳು ವರ್ಷದವರೆಗೆ ಜೈಲು!

ಈಗ ಇಳಕಲ್ಲಿಗೆ ಬನ್ನಿ. ಸೀರೆಗೆ ಹೆಸರಾದ ಈ ಊರು ಕೆಂಪು ಗ್ರಾನೈಟ್‌ಗೂ ಅಷ್ಟೇ ಹೆಸರುವಾಸಿ. ಆ ಬಂಡೆ ಕೊರೆಯುವ ಬಿಟ್ ಸವೆದ ಮೇಲೆ ಮೂಲೆಗೆ ಬೀಳುತ್ತದೆ. ತುಕ್ಕು ಹಿಡಿದ ಮೊಂಡು ಕಬ್ಬಿಣದಂತೆ ಕಾಣುತ್ತದೆ. ಹೊಸಬರು ಅದನ್ನು ಕಬ್ಬಿಣದ ರಾಶಿಗೇ ಎಸೆಯುತ್ತಾರೆ. ಸ್ವಲ್ಪ ತಡೆಯಿರಿ!

ಆ ಬಿಟ್‌ನ ಮೂತಿಯನ್ನು ಬಟ್ಟೆಯಿಂದ ಒರೆಸಿ ನೋಡಿ. ಬೂದು ಬಣ್ಣದ ಸಣ್ಣ ಗುಂಡಿಗಳೋ ಪಟ್ಟಿಯೋ ಕೂತಿರುತ್ತದೆ. ಸುತ್ತಲಿನ ಉಕ್ಕು ತುಕ್ಕು ಹಿಡಿದು ಕೆಂಪಗಾಗಿದ್ದರೂ ಅದು ಮಾತ್ರ ಹಾಗೇ ಇರುತ್ತದೆ. ಅರದಿಂದ ತಿಕ್ಕಿ, ಗೀರು ಬೀಳುವುದಿಲ್ಲ. ಅರವೇ ಜಾರುತ್ತದೆ! ಅದು ಟಂಗ್‌ಸ್ಟನ್ ಕಾರ್ಬೈಡ್. ಗಟ್ಟಿತನದಲ್ಲಿ ಉಕ್ಕನ್ನು ಎಷ್ಟೋ ಮೀರಿಸುವ ವಸ್ತು. ತೂಕದಲ್ಲಿ ಅಷ್ಟೇ ಗಾತ್ರದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು. ದರದಲ್ಲಿ ಎಷ್ಟೋ ಪಟ್ಟು! ನನ್ನ ಪ್ರಕಾರ ಇಡೀ ಹುನಗುಂದ ಸೀಮೆಯ ಮೋಡಕಾದಲ್ಲಿ ಇದಕ್ಕಿಂತ ಚಂದದ ಗುಟ್ಟು ಇನ್ನೊಂದಿಲ್ಲ.

ಅಂದಹಾಗೆ ಟಂಗ್‌ಸ್ಟನ್ ಕರಗಬೇಕಾದರೆ 3,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಬೇರೆ ಯಾವ ಲೋಹಕ್ಕೂ ಇಷ್ಟು ಬೇಡ!

ಆದರೆ ಕಲ್ಲು ಕ್ವಾರಿಯ ಸುತ್ತ ಬೆರಳುದ್ದದ ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಜೋಡಿಸಿದ ವೈರು ಕಂಡರೆ ಕೈ ಹಾಕಲೇಬೇಡಿ. ಅದು ಸಿಡಿಯದೆ ಉಳಿದ ಡಿಟೊನೇಟರ್ ಇರಬಹುದು. ಬೆರಳುಗಳನ್ನೇ ಹಾರಿಸಿಬಿಡುತ್ತದೆ! ದೂರ ನಿಂತು ಕ್ವಾರಿಯವರಿಗೋ ಪೊಲೀಸರಿಗೋ ಹೇಳಿ.

ಸುಟ್ಟ ಫ್ಯಾನಿನ ಕಾಯಿಲ್ ಕೈಗೆ ಬಂತು. ಬಣ್ಣ ತಾಮ್ರದ್ದೇ. ತಾಮ್ರದ ರೇಟು ಕೊಟ್ಟುಬಿಡುತ್ತೀರಾ? ಬ್ಲೇಡಿನಿಂದ ಒಂದು ಎಳೆ ಗೀರಿ ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ಅದು ಅಲ್ಯೂಮಿನಿಯಂ! ಮೇಲಿನ ಬಣ್ಣ ಬರೀ ಲೇಪ. ಕೈಯಲ್ಲಿ ಹಿಡಿದರೂ ಗೊತ್ತಾಗುತ್ತದೆ. ಅಷ್ಟೇ ಗಾತ್ರದ ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ.

ವೈರು ಸುಟ್ಟು ತಾಮ್ರ ತೆಗೆದರೆ ಬೇಗ ಕೆಲಸ ಮುಗಿಯುತ್ತದೆ ಅನ್ನುವವರಿದ್ದಾರೆ. ಸುಟ್ಟ ತಾಮ್ರ ಕಪ್ಪಾಗುತ್ತದೆ, ರೇಟು ಇಳಿಯುತ್ತದೆ! ಪ್ಲಾಸ್ಟಿಕ್ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಭಾರೀ ವಿಷ ಬೇರೆ. ಚಾಕುವಿನಿಂದ ಸುಲಿದು ತೆಗೆದ ಹೊಳೆಯುವ ತಂತಿಗೇ ಹೆಚ್ಚು ದುಡ್ಡು. ತಾಳ್ಮೆಗೆ ಇಲ್ಲಿ ನಿಜವಾಗಿಯೂ ಕೂಲಿ ಸಿಗುತ್ತದೆ.

ಅಲ್ಯೂಮಿನಿಯಂ ಒಂದು ಕಾಲಕ್ಕೆ ರಾಜಮರ್ಯಾದೆಯ ಲೋಹ! 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕಳಸದಂತೆ ಇಟ್ಟದ್ದು ಸುಮಾರು 2.8 ಕಿಲೋ ಅಲ್ಯೂಮಿನಿಯಂ. ಅಷ್ಟು ಅಪರೂಪದ ವಸ್ತು ಈಗ ಜಾತ್ರೆ ಮುಗಿದ ಮೇಲೆ ಬಾದಾಮಿಯ ಬನಶಂಕರಿಯಲ್ಲಿ ಖಾಲಿ ಡಬ್ಬಿಯಾಗಿ ಕಾಲಿಗೆ ತಗಲುತ್ತದೆ!

ಆ ಖಾಲಿ ಡಬ್ಬಿಯನ್ನು ಹೆಕ್ಕುವುದು ಸಣ್ಣ ಕೆಲಸವಲ್ಲ. ಬಾಕ್ಸೈಟ್ ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಶೇ 5ರಷ್ಟು ಸಾಕು, ಹಳೆಯದನ್ನು ಕರಗಿಸಲು. ಶೇ 95 ಉಳಿತಾಯ!

ಕಬ್ಬಿಣದ ಲೆಕ್ಕವೂ ಬೆರಗೇ. ಒಂದು ಟನ್ ಗುಜರಿ ಉಕ್ಕು ಕುಲುಮೆಗೆ ಹೋದರೆ 1.1 ಟನ್ ಅದಿರು, 630 ಕಿಲೋ ಕೋಕಿಂಗ್ ಕಲ್ಲಿದ್ದಲು, 55 ಕಿಲೋ ಸುಣ್ಣದಕಲ್ಲು ಭೂಮಿಯಲ್ಲೇ ಉಳಿಯುತ್ತವೆ. ಕೇಂದ್ರ ಸರ್ಕಾರ 2019ರಲ್ಲಿ ತಂದ ಉಕ್ಕಿನ ಗುಜರಿ ನೀತಿಯಲ್ಲೇ ಈ ಲೆಕ್ಕ ಇದೆ. ಸಂಡೂರಿನ ಅದಿರಿನ ಗುಡ್ಡ ಉಳಿಸುವವರಲ್ಲಿ ಬಾದಾಮಿಯ ಮೋಡಕಾ ಗಾಡಿಯವನೂ ಒಬ್ಬ!

ಹಳೇ ಚಕ್ಕಡಿ ಗಾಲಿ ನೋಡಿದ್ದೀರಾ? ಅದರ ಸುತ್ತಲಿನ ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಸಣ್ಣದಾಗಿಯೇ ಮಾಡುತ್ತಿದ್ದರು. ಬೆಂಕಿಯಲ್ಲಿ ಕಾಯಿಸಿದಾಗ ಹಿಗ್ಗುತ್ತದೆ. ಕೂರಿಸಿ ನೀರು ಹೊಯ್ದರೆ ಕುಗ್ಗಿ, ಮರವನ್ನು ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಆ ಹಳಿ ಮೋಡಕಾಕ್ಕೆ ಬಂದರೆ ಒಂದು ಸಲ ಕೈಯಾಡಿಸಿ. ವಿಜ್ಞಾನದ ಪಾಠ ಅದು!

ಲಾರಿಯ ಕಮಾನ್ ಪಾಟಾ ಸಿಕ್ಕರೆ ಕರಗಿಸುವವರಿಗೇ ಕೊಡಬೇಕೆಂದಿಲ್ಲ. ಕಮ್ಮಾರರು ಕೇಳಿ ಕೊಳ್ಳುತ್ತಾರೆ. ಲೋಡು ಹೊತ್ತು ಬಾಗಿ ಮತ್ತೆ ನೆಟ್ಟಗಾಗುವ ಉಕ್ಕು ಅದು. ಕುಡುಗೋಲು, ಕೊಡಲಿ, ಕುಂಟೆಯ ಕುಡ ಮಾಡಲು ಹೇಳಿ ಮಾಡಿಸಿದ್ದು. ನಿನ್ನೆ ಹೆದ್ದಾರಿಯಲ್ಲಿದ್ದದ್ದು ನಾಳೆ ಜೋಳದ ಹೊಲದಲ್ಲಿ!

ಯುದ್ಧನೌಕೆಯ ಉಕ್ಕು ಬಾದಾಮಿ ರಸ್ತೆಯಲ್ಲಿ ಓಡುತ್ತದೆ ಅಂದರೆ ನಂಬುತ್ತೀರಾ? 1997ರಲ್ಲಿ ನಿವೃತ್ತಿಯಾದ ಐಎನ್‌ಎಸ್ ವಿಕ್ರಾಂತ್ ಹಡಗನ್ನು 2014ರಲ್ಲಿ ಮುಂಬೈನಲ್ಲಿ ಒಡೆಯಲು ಶುರು ಮಾಡಿದರು. ಅದರ ಉಕ್ಕನ್ನು ಬಜಾಜ್ ಕಂಪನಿ ಕೊಂಡು, 2016ರಲ್ಲಿ ತಂದ ವಿ15 ಬೈಕಿನಲ್ಲಿ ಬಳಸಿತು! ನಿಮ್ಮ ಓಣಿಯಲ್ಲಿ ಆ ಬೈಕ್ ಇದ್ದರೆ ಒಮ್ಮೆ ಮುಟ್ಟಿ ನೋಡಿ.

ಹಳೇ ರೇಷ್ಮೆ ಸೀರೆ ಕೊಳ್ಳುತ್ತೇವೆ ಅಂತ ಕೂಗುತ್ತ ಬರುವವರಿಗೆ ಬೇಕಾದದ್ದು ರೇಷ್ಮೆಯಲ್ಲ, ಬೆಳ್ಳಿ! ಸರ್ಕಾರಿ ಸ್ವಾಮ್ಯದ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಅಜ್ಜಿಯ ಸೀರೆ ಹರಿದರೂ ಬೆಲೆ ಹರಿಯುವುದಿಲ್ಲ!

ಹಟ್ಟಿ ಚಿನ್ನದ ಗಣಿ ಇಳಕಲ್ಲಿನ ಪಕ್ಕದ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ಅಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೇ ಮೊಬೈಲುಗಳಲ್ಲಿ ಅದರ ಹತ್ತಾರು ಪಟ್ಟು ಚಿನ್ನ! ಟೋಕಿಯೊ ಒಲಿಂಪಿಕ್ಸ್‌ನ ಸುಮಾರು 5,000 ಪದಕಗಳನ್ನು ಜಪಾನಿನ ಜನ ಕೊಟ್ಟ ಹಳೇ ಎಲೆಕ್ಟ್ರಾನಿಕ್ ಸಾಮಾನಿನಿಂದಲೇ ಮಾಡಿದರು. ಅದರಲ್ಲಿ 62 ಲಕ್ಷ ಮೊಬೈಲುಗಳು! ತೆಗೆದ ಚಿನ್ನ 32 ಕಿಲೋ. ಹಾಗಂತ ಮನೆಯಲ್ಲಿ ಆಸಿಡ್ ಹಾಕಿ ಚಿನ್ನ ತೆಗೆಯುವ ಹುಚ್ಚು ಬೇಡ. ಶ್ವಾಸಕೋಶಕ್ಕೆ ಬೆಲೆ ಕಟ್ಟುವವರಿಲ್ಲ.

ಕಾರಿನ ಸೈಲೆನ್ಸರ್ ಸಾಲಿನಲ್ಲಿ ಕೆಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇರುತ್ತದೆ. ಅದರೊಳಗೆ ಚೂರೇ ಚೂರು ರೋಡಿಯಂ. 2021ರಲ್ಲಿ ಈ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟು ದಾಟಿತ್ತು! ಕಳ್ಳರ ಕಣ್ಣು ಆ ಡಬ್ಬಿಯ ಮೇಲೆ ಬಿದ್ದದ್ದು ಅದಕ್ಕೇ. ಬಿಡಿಯಾಗಿ ಯಾರಾದರೂ ತಂದರೆ ಎರಡು ಸಲ ಯೋಚಿಸಿ. ಕಳವಿನ ಮಾಲು ಅಂತ ಗೊತ್ತಿದ್ದೂ ಕೊಂಡರೆ ಕೊಂಡವನಿಗೂ ಮೂರು ವರ್ಷದವರೆಗೆ ಜೈಲು. ಯಾರಿಂದ, ಏನು, ಎಷ್ಟು ಕೊಂಡಿರಿ ಅಂತ ಬರೆದಿಡುವ ಒಂದು ನೋಟ್‌ಬುಕ್ ನಿಮ್ಮನ್ನು ಕಾಯುತ್ತದೆ.

ರೈಲ್ವೆ ಸಾಮಾನಿಗಂತೂ ಬೇರೆ ಕಾನೂನೇ ಇದೆ! ಬಾದಾಮಿ ಸ್ಟೇಷನ್ ಮೇಲೆ ಹಾಯುವ ಗದಗ–ಹೊಟಗಿ ಹಾದಿ ಮೊದಲು ಮೀಟರ್ ಗೇಜ್, ಈಗ ಬ್ರಾಡ್ ಗೇಜ್. ಹಳಿ ಬದಲಾದಾಗ ತೆಗೆದ ಕಬ್ಬಿಣ ರೈಲ್ವೆಯದೇ ಆಸ್ತಿ. ಹಳಿಯ ತುಂಡು, ಕ್ಲಿಪ್, ಬೋಲ್ಟ್ ಹೀಗೆ ಅವರ ಸಾಮಾನು ಕದ್ದದ್ದೆಂದು ಅನುಮಾನ ಬರುವಂತೆ ನಿಮ್ಮ ಬಳಿ ಸಿಕ್ಕರೆ 1966ರ ಕಾಯ್ದೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ. ರೈಲ್ವೆ ತನ್ನ ಗುಜರಿಯನ್ನು ಇ-ಹರಾಜಿನಲ್ಲಿ ಮಾರುತ್ತದೆ, ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿಯಷ್ಟು!

ವಾಹನದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಆದರೆ ಒಡೆಯಬೇಡಿ, ಆಸಿಡ್ ಚೆಲ್ಲಬೇಡಿ. ಸೀಸ ಮೈಗೆ ಸೇರಿದರೆ ಮಕ್ಕಳ ಮಿದುಳಿಗೆ ಪೆಟ್ಟು. ಇಡೀ ಬ್ಯಾಟರಿಯನ್ನೇ ಕೊಟ್ಟರೆ ಬ್ಯಾಟರಿ ಅಂಗಡಿಯವರು ತೆಗೆದುಕೊಳ್ಳುತ್ತಾರೆ.

ಇದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೇ ಯಂತ್ರವೊಂದು ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಬಂತು. ಒಳಗೆ ಕೋಬಾಲ್ಟ್-60 ಇತ್ತು. ಕಣ್ಣಿಗೆ ಕಾಣದ ವಿಕಿರಣ! ಒಡೆದವರ ಮೈ ಕಪ್ಪಾಯಿತು, ಕೂದಲು ಉದುರಿತು, ಒಬ್ಬರು ತೀರಿಕೊಂಡರು. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ಇಂಥದ್ದೇ ಆಗಿ ನಾಲ್ವರು ಹೋದರು. ಅಲ್ಲಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ನೋಡಿ ಜನ ಮನೆಗೆ ಒಯ್ದಿದ್ದರು! ಮೂರು ರೆಕ್ಕೆಯ ವಿಕಿರಣ ಚಿಹ್ನೆಯನ್ನು ಒಮ್ಮೆ ನೋಡಿ ನೆನಪಿಡಿ. ಗಾತ್ರಕ್ಕೆ ಮೀರಿ ಭಾರವಾದ ಆಸ್ಪತ್ರೆ ಅಥವಾ ಪ್ರಯೋಗಾಲಯದ ಡಬ್ಬಿ ಕಂಡರೆ ಸುತ್ತಿಗೆ ಎತ್ತಬೇಡಿ.

ತುಕ್ಕು ಮೊಳೆ ಚುಚ್ಚಿದರೆ ಧನುರ್ವಾಯು ಬರುತ್ತದೆ ಅಂತಾರೆ. ತುಕ್ಕಿನಿಂದ ಅಲ್ಲ! ಮಣ್ಣಿನಲ್ಲಿ, ಸಗಣಿಯಲ್ಲಿ ಇರುವ ಬ್ಯಾಕ್ಟೀರಿಯಾದಿಂದ. ಥಳಥಳಿಸುವ ಹೊಸ ಮೊಳೆಗೆ ಮಣ್ಣು ತಗುಲಿದ್ದರೂ ಅಪಾಯ ಅಷ್ಟೇ. ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳಿ, ಕೈಗವಸು, ಗಟ್ಟಿ ಬೂಟು ಹಾಕಿ, ಆಮೇಲೆ ಗಾಡಿ ತಳ್ಳಿ.

ವಯಸ್ಸಿನ ಮಾತೂ ಹೇಳಲೇಬೇಕು. 14 ತುಂಬದ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. 2016ರಲ್ಲಿ ಬಿಗಿಯಾದ ಕಾನೂನು ಇದು. ಶಾಲೆಯ ಹುಡುಗರು ಆಯಸ್ಕಾಂತ ಹಿಡಿದು ಲೋಹ ಗುರುತಿಸುವುದನ್ನು ಕಲಿಯಲಿ ಸಾಕು. ಗುಜರಿ ಒಡೆಯುವುದು ಅವರ ಕೆಲಸವಲ್ಲ.

ತೂಕದ ಯಂತ್ರಕ್ಕೂ ಜಾತಕ ಇದೆ! ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಮಾಲು ಮಾರಲು ಹೋದಾಗ ಆ ಮುದ್ರೆ ಕೇಳಿ ನೋಡುವುದು ನಿಮ್ಮ ಹಕ್ಕು.

ತೆರಿಗೆ ಅಂದರೆ ಹೊಸಬರಿಗೆ ಭಯ. ಕೇಳಿ! 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿ ಇಲ್ಲದವರಿಂದ ನೋಂದಾಯಿತ ವ್ಯಾಪಾರಿ ಲೋಹದ ಗುಜರಿ ಕೊಂಡರೆ, ತೆರಿಗೆ ಕಟ್ಟುವ ಹೊಣೆ ಕೊಂಡವನದೇ.

ಗುಜರಿಯಿಂದ ಶುರು ಮಾಡಿ ಎಲ್ಲಿಯವರೆಗೆ ಹೋಗಬಹುದು? ಪಟ್ನಾದಿಂದ ಮುಂಬೈಗೆ ಬಂದ ಹುಡುಗನೊಬ್ಬ 1970ರ ದಶಕದಲ್ಲಿ ಕೇಬಲ್ ಕಂಪನಿಗಳ ಗುಜರಿ ಕೊಂಡು ಮಾರುತ್ತಿದ್ದ. ಅವರೇ ವೇದಾಂತ ಕಂಪನಿಯ ಅನಿಲ್ ಅಗರ್ವಾಲ್! ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರು ತೆಗೆಯುವ ಗಣಿಯೂ ಅವರ ಕಂಪನಿಯದು.

ನಮ್ಮ ಸೀಮೆಗೂ ಕಬ್ಬಿಣಕ್ಕೂ ಹಳೇ ನಂಟು. ಐಹೊಳೆಯ ಮೇಗುತಿ ಗುಡ್ಡದಲ್ಲಿ ಬೃಹತ್ ಶಿಲೆಗಳ ಸಮಾಧಿಗಳಿವೆ. ದಕ್ಷಿಣ ಭಾರತದ ಇಂಥ ಸಮಾಧಿಗಳಲ್ಲಿ ಸತ್ತವರ ಜೊತೆ ಕಬ್ಬಿಣದ ಕತ್ತಿ, ಕೊಡಲಿ ಇಡುತ್ತಿದ್ದರು. ಅಷ್ಟು ಬೆಲೆಯ ಸಾಮಾನು ಅದು!

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಬಾದಾಮಿ ಚಾಲುಕ್ಯರು ಭೂಮಿ ದಾನ ಕೊಟ್ಟರೆ ಅದನ್ನು ತಾಮ್ರದ ತಗಡುಗಳ ಮೇಲೆ ಕೊರೆಸುತ್ತಿದ್ದರು. ತೂತು ಹಾಕಿ, ಬಳೆಯಲ್ಲಿ ಪೋಣಿಸಿ, ವರಾಹದ ಮುದ್ರೆ ಒತ್ತುತ್ತಿದ್ದರು. ಹಸಿರು ಹಿಡಿದ ಅಂಥ ತಗಡು ಗೊತ್ತಿಲ್ಲದವರ ತಕ್ಕಡಿಯಲ್ಲಿ ಬರೀ ಒಂದೆರಡು ಕಿಲೋ ತಾಮ್ರ! ಕರಗಿಸಿದರೆ ಒಂದು ಊರಿನ ಹೆಸರು, ಒಬ್ಬ ರಾಜನ ವರ್ಷ, ಒಂದು ಕಾಲದ ಕನ್ನಡವೋ ಸಂಸ್ಕೃತವೋ ಶಾಶ್ವತವಾಗಿ ಹೋದಂತೆ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯ ಕಾವಲಿದೆ. ಆದ್ದರಿಂದ ದಯವಿಟ್ಟು ಕೇಳಿ: ಅಕ್ಷರ ಇರುವ ತಾಮ್ರದ ತಗಡು, ಹಳೇ ನಾಣ್ಯದ ಗಂಟು, ಕಂಚಿನ ಮೂರ್ತಿ ಮೋಡಕಾದಲ್ಲಿ ಬಂದರೆ ತಿಕ್ಕಬೇಡಿ, ಬಗ್ಗಿಸಬೇಡಿ, ಮಾರಬೇಡಿ. ಬಾದಾಮಿಯಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ಅಗಸ್ತ್ಯ ತೀರ್ಥದ ಹತ್ತಿರ. ಅಲ್ಲಿಗೋ ತಹಶೀಲ್ದಾರ್ ಕಚೇರಿಗೋ ಆವತ್ತೇ ತಿಳಿಸಿ!